ತಾರಸಿಯ ದದ್ದು

ಲಾಂಡ್ರಿಯ ಹಿಂಬದಿಯ ಪುಟ್ಟ ಕೋಣೆಗೆ ಒಳಗಿನಿಂದ ಚಿಲಕ ಬಿದ್ದಿದೆ ಅಂದರೆ ಪುಡಿಯಕ್ಕ ಬಟ್ಟೆ ಒಗೆಯುವ ಪುಡಿ ಬೆರೆಸುತ್ತಿದ್ದಾಳೆ ಎಂದು ಅರ್ಥ. ಆಗ ಯಾರೂ ಬಾಗಿಲು ತಟ್ಟುವಂತಿಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಅತ್ತಿಗೆ ಮೊದಲು ಸೌಟು ತೊಳೆದಿಟ್ಟು ಆಮೇಲೇ ಹೊರಗೆ ಬರುತ್ತಾರೆ ಎಂದು ಅವಳ ಮೈದುನ ನಗೆಯಾಡುತ್ತಿದ್ದ. ಕೋಣೆಯಲ್ಲಿ ಇದ್ದದ್ದು ಮೂರು ಡ್ರಮ್ಮು, ಒಂದು ತಕ್ಕಡಿ, ಉದ್ದ ಹಿಡಿಯ ಒಂದು ಮರದ ಸೌಟು. ಯಾವುದಕ್ಕೆ ಯಾವುದು ಎಷ್ಟು ಅನ್ನುವುದು ಅವಳ ತಲೆಯಲ್ಲಿ ಮಾತ್ರ.

ಆ ಪುಡಿಯಿಂದಲೇ ಅವಳಿಗೆ ಆ ಹೆಸರು. ಎರಡು ವಸತಿಗೃಹಗಳ ಮತ್ತು ಒಂದು ಹೆರಿಗೆ ಆಸ್ಪತ್ರೆಯ ಚಾದರಗಳು ಅವರಲ್ಲಿಗೇ ಬರುತ್ತಿದ್ದವು, ದಿನಕ್ಕೆ ನೂರೆಂಬತ್ತು, ಕೆಲವು ದಿನ ಇನ್ನೂರು. ಕೆಳಗೆ ಎರಡು ಯಂತ್ರಗಳು ಗಡಗಡ ಅನ್ನುತ್ತಿದ್ದವು. ಕಿಟಕಿಯ ಪಕ್ಕದ ಮೇಜಿನಲ್ಲಿ ಪುಡಿಯಕ್ಕನ ಗಂಡ ಇಸ್ತ್ರಿ ಮಾಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಮಾತಾಡಿದರೆ ಹೆಚ್ಚು. ಮೈದುನ ವ್ಯಾನಿನಲ್ಲಿ ಗಂಟುಗಳನ್ನು ತರುವುದು, ಮುಟ್ಟಿಸುವುದು. ಒಣಗಿಸುವುದು ಮಾತ್ರ ತಾರಸಿಯ ಮೇಲೆ, ಹದಿನಾರು ತಂತಿಗಳಲ್ಲಿ. ಯಂತ್ರದಲ್ಲಿ ಒಣಗಿದ ಚಾದರಕ್ಕೆ ಆ ಗರಿಗರಿ ಎಲ್ಲಿಂದ ಬರಬೇಕು ಎಂದು ಪುಡಿಯಕ್ಕ ಗಿರಾಕಿಗಳೆದುರು ಮೂಗು ಮುರಿಯುತ್ತಿದ್ದಳು.

ಇಪ್ಪತ್ತು ವರ್ಷ ತಾರಸಿ ಅವಳದ್ದೇ ಆಗಿತ್ತು. ಹೋದ ಚಳಿಗಾಲದಲ್ಲಿ ಬಲಮೊಣಕಾಲು ಕೈಕೊಟ್ಟಿತು. ಮೂವತ್ತೆರಡು ಮೆಟ್ಟಿಲು ಹತ್ತಿ ಮೇಲೆ ಹೋದರೆ ಇಳಿಯುವಾಗ ಕಣ್ಣಲ್ಲಿ ನೀರು. ಹಾಗಾಗಿ ಆ ಕೆಲಸ ಕಿರಿಯವಳಿಗೆ, ಅಂದರೆ ಮೈದುನನ ಹೆಂಡತಿಗೆ ಹೋಯಿತು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಕಿರಿಯವಳು ಒಳಗೇ ಕೂತು ಬಟ್ಟೆಗಳಿಗೆ ಗುರುತಿನ ಚೀಟಿ ಹೊಲಿಯುವವಳು, ಒಗೆಯುವ ತೊಟ್ಟಿಯಲ್ಲಿ ಕೈಯಾಡಿಸುವವಳು. ಈಗ ಅಂಗಿಯ ಅಂಚಿಗೆ ಸುತ್ತಲೂ ಕ್ಲಿಪ್ಪುಗಳನ್ನು ಕಚ್ಚಿಸಿಕೊಂಡು ಬಕೆಟ್ ಎತ್ತಿಕೊಂಡು ಮೇಲೆ ಹೋಗತೊಡಗಿದಳು. ಎದುರಂಗಡಿಯ ಟೈಲರು ಅವಳನ್ನು ನೋಡಿ, "ಏನಮ್ಮಾ, ಒಡವೆ ಹಾಕ್ಕೊಂಡು ಎಲ್ಲಿಗೆ ಸವಾರಿ?" ಎಂದು ದಿನಾ ಕೇಳುವನು. ದಿನಾ ಅದೇ ಹಾಸ್ಯ. ಅವಳೂ ದಿನಾ ನಗುವಳು.

ಚಳಿ ಕಳೆದು ಬಿಸಿಲು ಏರಿದ ಮೊದಲ ವಾರವೇ ಅದು ಶುರುವಾದದ್ದು. ಕಿರಿಯವಳು ಅರ್ಧ ತೋಳಿನ ಅಂಗಿ ಹಾಕಿಕೊಂಡು ಮೇಲೆ ಹೋಗಿದ್ದಳು. ನಾಲ್ಕನೆಯ ತಂತಿಗೆ ಬರುವ ಹೊತ್ತಿಗೆ ತೋಳು ಕಡಿಯತೊಡಗಿತು. ಕೆಳಗೆ ಓಡಿ ಬಂದಾಗ ಮೊಣಕೈಯಿಂದ ಮೇಲೆ, ಕತ್ತಿನ ಸುತ್ತ, ಕೆಂಪಗೆ ಉಬ್ಬಿದ ದದ್ದುಗಳು. ಒಂದಕ್ಕೊಂದು ಕೂಡಿಕೊಂಡು ನಕಾಶೆ ಬಿಡಿಸಿದ ಹಾಗಿದ್ದವು.

"ಅಯ್ಯೋ, ಇದೇನೇ ಇದು!" ಎಂದು ಪುಡಿಯಕ್ಕ ಒದ್ದೆ ಬಟ್ಟೆ ತಂದು ಒತ್ತಿದಳು.

"ಸುಡ್ತಿದೆ ಅಕ್ಕ. ಕಡಿತಾ ಇದೆ, ಸುಡ್ತಾನೂ ಇದೆ."

ಒಂದು ಗಂಟೆಯಲ್ಲಿ ಎಲ್ಲ ಮಾಯ. ತೋಳು ನುಣ್ಣಗೆ, ಏನೂ ಆಗಿಯೇ ಇಲ್ಲವೆಂಬಂತೆ. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನ ಮತ್ತೆ. ಬೀದಿಯ ಕೊನೆಯ ಡಾಕ್ಟರ ಹತ್ತಿರ ಹೋದರೆ ಅಲ್ಲಿ ಸರದಿ ಒಂದೂವರೆ ಗಂಟೆ. ಒಳಗೆ ಹೋಗುವ ಹೊತ್ತಿಗೆ ತೋರಿಸಲು ಏನೂ ಉಳಿದಿರಲಿಲ್ಲ. "ಏನೂ ಕಾಣ್ತಿಲ್ವಲ್ಲಮ್ಮ," ಎಂದು ಡಾಕ್ಟರು ಕನ್ನಡಕ ಮೇಲೆ ಕೆಳಗೆ ಮಾಡಿ, ಒಂದು ಮುಲಾಮು ಬರೆದುಕೊಟ್ಟರು.

ಮೈದುನನಿಗೆ ಇದು ಸಾಕಾಯಿತು. "ಬಕೆಟ್ ಎತ್ತಿದ್ರೆ ಬರತ್ತೆ, ಊಟಕ್ಕೆ ಕೂತ್ರೆ ಹೋಗತ್ತೆ. ಒಳ್ಳೇ ದದ್ದು ಕಣೇ ನಿಂದು, ಕೆಲಸ ಕಂಡ್ರೆ ಆಗಲ್ಲ ಅದಕ್ಕೆ!"

"ನಿಮಗೆ ಬರ್ಬೇಕಿತ್ತು," ಎಂದಳು ಕಿರಿಯವಳು. "ನಿಮಗೆ ಬಂದಿದ್ರೆ ಇಷ್ಟೊತ್ತಿಗೆ ಇಡೀ ಬೀದಿ ಎದ್ದು ಕೂತಿರ್ತಿತ್ತು."

ಟೈಲರು ತನ್ನ ಬಾಗಿಲಿನಿಂದಲೇ, "ಪಿತ್ತ ನೆತ್ತಿಗೇರಿದೆ ಕಣಮ್ಮ," ಎಂದ. ಆಮೇಲೆ ಸ್ವಲ್ಪ ತಡೆದು, "ಅಲ್ಲಾ, ಆ ಪುಡಿ ನೋಡ್ಕೊಂಡ್ರಾ?" ಎಂದ.

ಮಾತು ಸುಮ್ಮನೆ ಬಂದದ್ದು. ಆದರೆ ಬಂದ ಮೇಲೆ ಹೋಗಲಿಲ್ಲ.

ಅಂದು ಸಂಜೆ ಚಾದರ ಮಡಚುವಾಗ, ಎರಡೆರಡು ಮೂಲೆ ಹಿಡಿದು ಒಬ್ಬರಿಗೊಬ್ಬರು ಎದುರಾಗಿ ನಡೆದು ಬರುವಾಗ, ಕಿರಿಯವಳು ಮೆಲ್ಲಗೆ ಕೇಳಿದಳು: "ಅಕ್ಕ, ಪುಡಿಗೆ ಏನಾದ್ರೂ ಹೊಸದು ಹಾಕಿದ್ದೀರಾ?"

"ಇಲ್ಲ," ಎಂದಳು ಪುಡಿಯಕ್ಕ.

ಯೋಚನೆಗೆ ಮೊದಲೇ ಬಾಯಿಂದ ಬಿದ್ದ ಮಾತು. ನಿಜವೇನೆಂದರೆ ಅವಳು ಹಾಕಿದ್ದಳು. ಎರಡು ತಿಂಗಳ ಹಿಂದೆ ಒಬ್ಬ ಏಜೆಂಟು ಬಂದು, ಹೊಸ ಬಿಳುಪಿನ ಪುಡಿ, ಡ್ರಮ್ಮಿಗೆ ಒಂದು ಹಿಡಿ ಸಾಕು, ಚಾದರ ಹಾಲಿನ ಹಾಗಾಗುತ್ತದೆ ಎಂದು ಹೇಳಿ ಒಂದು ಚೀಲ ಬಿಟ್ಟುಹೋಗಿದ್ದ. ಹಾಕಿದಳು. ಆದದ್ದೂ ಹಾಗೆಯೇ. ಹೆರಿಗೆ ಆಸ್ಪತ್ರೆಯವರು ಹೊಗಳಿದರು. ಹೊಗಳಿಕೆ ಇಡಿಯಾಗಿ ತನ್ನ ಕೈಗುಣಕ್ಕೇ ಇರಲಿ ಎಂದು ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಷ್ಟೇ ಕಾರಣ. ಈಗ ಆ ಒಂದು ಹಿಡಿ ಅವಳ ಎದೆಯ ಮೇಲೆ ಕೂತುಕೊಂಡಿತು.

ಮರುದಿನ ಅವಳೇ ಮುಂದಾಗಿ ಹೇಳಿದಳು: "ಒಂದು ವಾರ ನನ್ನ ಪುಡಿ ಬೇಡ. ಅಂಗಡಿ ಪುಡಿ ತರ್ಸೋಣ. ನೋಡೇಬಿಡೋಣ."

ಪರೀಕ್ಷೆಯೇನೋ ಸರಿಯಾದದ್ದೇ. ಆದರೆ ಅವರ ಗ್ರಹಚಾರಕ್ಕೆ ಆ ವಾರ ಮೋಡ ಮುಚ್ಚಿಕೊಂಡಿತು. ಮೂರು ದಿನ ಜಿಟಿಜಿಟಿ ಮಳೆ, ಉಳಿದ ದಿನಗಳಲ್ಲಿ ಬೂದಿ ಬಣ್ಣದ ಆಕಾಶ. ಮಳೆಯ ದಿನಗಳಲ್ಲಿ ಲಾಂಡ್ರಿಯವರು ಮಾಡುವುದೇ ಬೇರೆ: ಕೆಳಗಿನ ಹಜಾರದಲ್ಲಿ ಹಗ್ಗ ಕಟ್ಟಿ, ನಾಲ್ಕು ಫ್ಯಾನು ಹಾಕಿ, ಚಾದರಗಳ ನಡುವೆ ಬಗ್ಗಿ ಬಗ್ಗಿ ಓಡಾಡುವುದು. ಕಿರಿಯವಳು ವಾರವಿಡೀ ತಾರಸಿಯ ಬಾಗಿಲನ್ನೇ ತೆಗೆಯಲಿಲ್ಲ. ಒಂದೇ ಒಂದು ದದ್ದು ಏಳಲಿಲ್ಲ.

ಬಿಸಿಲು ಇರಲಿಲ್ಲ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಬಿಸಿಲು ಅವರಿಗೆ ಕೆಲಸದವನ ಹಾಗೆ. ಬಂದನೋ ಬಟ್ಟೆ ಒಣಗಿತು, ಬರಲಿಲ್ಲವೋ ಫ್ಯಾನು ಹಾಕಿಕೊಂಡರು. ಅವನು ಯಾರಿಗಾದರೂ ಕೆಡುಕು ಮಾಡಿಯಾನು ಎಂದು ಅನುಮಾನಿಸುವುದು ಹೇಗೆ?

"ಗೊತ್ತಾಯ್ತಲ್ಲ," ಎಂದ ಮೈದುನ, ಅತ್ತಿಗೆಯ ಮುಖ ನೋಡದೆ.

ಪುಡಿಯಕ್ಕ ಹೋಗಿ ಹಿಂಬದಿಯ ಕೋಣೆಗೆ ಹೊರಗಿನಿಂದ ಬೀಗ ಹಾಕಿದಳು.

ಸೋಮವಾರ ಬಿಸಿಲು ಬಂತು. ಹತ್ತು ನಿಮಿಷಕ್ಕೆ ದದ್ದೂ ಬಂತು. ಆದರೆ ತಂತಿಗಳಲ್ಲಿ ಇದ್ದದ್ದು ಅಂಗಡಿ ಪುಡಿಯಲ್ಲಿ ಒಗೆದ ಚಾದರ! ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಪುಡಿಯನ್ನು ಬಿಡುಗಡೆ ಮಾಡುತ್ತಿದ್ದರು. ಪುಡಿಯಕ್ಕ ಹಾಗೆ ಮಾಡಲಿಲ್ಲ. ಸುಳ್ಳು ಹೇಳಿದವಳಿಗೆ ತನ್ನ ತಪ್ಪು ಎಲ್ಲೆಲ್ಲೂ ಕಾಣುತ್ತದೆ. ಹುಡುಗಿ ಹಾಕಿಕೊಂಡ ಅಂಗಿ ಎರಡು ತಿಂಗಳಿಂದ ಅದೇ ಪುಡಿಯಲ್ಲಿ ಒಗೆದದ್ದಲ್ಲವೇ? ನೂಲಿನೊಳಗೆ ಹೊಕ್ಕಿದೆ, ಹೋಗುವುದಿಲ್ಲ ಎಂದುಕೊಂಡಳು.

ಅಂದು ಅವಳು ಕಪಾಟು ಹುಡುಕಿ ತನ್ನ ಗಂಡನ ಹಳೆಯ ಬಿಳಿ ಜುಬ್ಬವೊಂದನ್ನು ತೆಗೆದಳು. ಅದು ಸಾವಿರ ಸಲ ಒಗೆಸಿಕೊಂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಬೆರಳಿಟ್ಟರೆ ಆಚೆ ಬದಿಗೆ ಬೆರಳಿನ ಬಣ್ಣ ಕಾಣುತ್ತಿತ್ತು. ಕೈ ಬಿದ್ದುಹೋಗುವಂತೆ ಬರೀ ನೀರಿನಲ್ಲಿ ಒಂಬತ್ತು ಸಲ ಜಾಲಿಸಿದಳು. ಒಗೆಯುವವರ ಮನೆಯಲ್ಲಿ ಪ್ರೀತಿ ಅಂದರೆ ಇದೇ: ಮೆತ್ತಗಿನ ಬಟ್ಟೆ, ಚೆನ್ನಾಗಿ ಜಾಲಿಸಿದ್ದು.

"ನಾಳೆ ಇದು ಹಾಕ್ಕೋ. ಇದ್ರಲ್ಲಿ ಪುಡಿ ಅನ್ನೋದು ಒಂದು ಕಣ ಇಲ್ಲ, ನನ್ನಾಣೆ."

ಕಿರಿಯವಳು ಹಾಕಿಕೊಂಡಳು. ಅಕ್ಕನ ಮಾತು ನಂಬಿ ಎಲ್ಲ ಹದಿನಾರು ತಂತಿ ಮುಗಿಸಿಯೇ ಬರುತ್ತೇನೆಂದು ನಡುಹಗಲಿನಲ್ಲಿ ಹೋದಳು. ಅರ್ಧ ಗಂಟೆಯಾದರೂ ಬರಲಿಲ್ಲ. ಮೈದುನ ಕೂಗಿದ, ಉತ್ತರವಿಲ್ಲ. ಮೇಲೆ ಓಡಿದ. ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು, ತುಟಿ ಬೆಳ್ಳಗೆ, ಕಣ್ಣು ಎತ್ತಲೋ. ಬೆನ್ನು, ಭುಜ, ಎದೆ, ಜುಬ್ಬದ ಅಡಿಯಲ್ಲಿ ಎಲ್ಲ ಕಡೆ ದದ್ದೆದ್ದು ಒಂದೇ ಹಲಗೆಯಾಗಿತ್ತು. ಆಸ್ಪತ್ರೆಯಲ್ಲಿ ಎರಡು ಚುಚ್ಚುಮದ್ದು ಕೊಟ್ಟು, ಸಂಜೆಯವರೆಗೆ ಮಲಗಿಸಿ, ಕುಸಿದಿದ್ದ ರಕ್ತದೊತ್ತಡ ಸರಿಯಾದ ಮೇಲೆ ಬಿಟ್ಟರು. ಇನ್ನು ತಡಮಾಡಬೇಡಿ, ಚರ್ಮದ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಅಂದಿನಿಂದ ಮೈದುನನ ತಮಾಷೆ ನಿಂತಿತು. ಮನೆಯಲ್ಲಿ ಎಲ್ಲರೂ ಹೂ ಮುಟ್ಟುವ ಹಾಗೆ ಮಾತಾಡುತ್ತಿದ್ದರು. ಎರಡು ದಿನ ಬಿಟ್ಟು ಕಿರಿಯವಳು ತಾನಾಗಿಯೇ ಬಂದು ಪುಡಿಯಕ್ಕನ ಎದುರು ಕೂತಳು.

"ಅಕ್ಕ, ಚಪ್ಪಲಿ ಅಂಗಡಿಯವ್ರು ಒಬ್ಬರು ಬೇಕು ಅಂತಿದ್ರು, ಮುಂದುಗಡೆ ಕೂತ್ಕೊಳ್ಳೋಕೆ. ನಾನು ಒಂದನೇ ತಾರೀಕಿಂದ ಬರ್ತೀನಿ ಅಂದಿದ್ದೀನಿ."

"ಹೂಂ."

"ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಈ ಮನೆ ಗೋಡೇಲೂ ಆ ಪುಡಿ ಇದೆ. ನನ್ನ ಮೈಗೆ ಆಗಲ್ಲ ಅಂದ್ರೆ ನಾನೇನು ಮಾಡ್ಲಿ?"

ಹೋಗಬೇಡ ಕಣೇ ಎಂಬ ಮಾತು ಪುಡಿಯಕ್ಕನ ನಾಲಿಗೆಗೆ ಬಂತು. ನುಂಗಿಕೊಂಡಳು. ಮೂರು ವರ್ಷದಲ್ಲಿ ಈ ಹುಡುಗಿ ಅವಳಿಗೆ ಓರಗಿತ್ತಿ ಅನ್ನುವುದಕ್ಕಿಂತ ಕೆಲಸದ ಜೊತೆಗಾತಿಯಾಗಿದ್ದಳು. ಚಾದರದ ಎರಡು ಮೂಲೆ ತಾನು ಹಿಡಿದರೆ ಉಳಿದೆರಡು ಮೂಲೆ ತಾವಾಗಿಯೇ ಮೇಲೇಳುತ್ತಿದ್ದವು, ಮಾತು ಬೇಕಿರಲಿಲ್ಲ. ಗಂಡನ ಜೊತೆ ಮಡಚಿ ನೋಡಿದ್ದಳು; ಅವರು ಯಾವಾಗಲೂ ತಪ್ಪು ಕಡೆಗೆ ತಿರುಗುತ್ತಿದ್ದರು.

ಚರ್ಮದ ಡಾಕ್ಟರಲ್ಲಿಗೆ ಹೋಗುವ ದಿನ ಯಾರೂ ಕರೆಯದಿದ್ದರೂ ಪುಡಿಯಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ.

ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು. ಕೋಣೆಯಲ್ಲಿ ಗಡಿಬಿಡಿಯೇ ಇಲ್ಲ. ಕಿರಿಯವಳು ಶುರುವಿನಿಂದ ಕೊನೆಯವರೆಗೆ ಹೇಳುವಷ್ಟೂ ಹೊತ್ತು ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮುಗಿಯುತ್ತಿದ್ದಂತೆ ಪುಡಿಯಕ್ಕ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೇಬಿಟ್ಟಳು.

"ಡಾಕ್ಟ್ರಮ್ಮ, ತಪ್ಪು ನಂದು. ಇದು ನಾನು ಬೆರೆಸೋ ಪುಡಿ. ಇದಕ್ಕೆ ಎರಡು ತಿಂಗಳ ಹಿಂದೆ ಹೊಸದೊಂದು ಹಾಕ್ದೆ. ಇವಳು ಕೇಳಿದ್ಲು, ನಾನು ಇಲ್ಲ ಅಂದೆ. ಏನೇನು ಹಾಕಿದ್ದೀನಿ ಅಂತ ಎಲ್ಲಾ ಬರ್ಕೊಡ್ತೀನಿ. ಅವಳಿಗೆ ಅದಕ್ಕೆ ಮದ್ದು ಕೊಡಿ."

ಕಿರಿಯವಳು ತಲೆ ತಿರುಗಿಸಿ ಅವಳನ್ನು ನೋಡಿದಳು.

ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿದರು. "ಚೆನ್ನಾಗಿದೆ ವಾಸನೆ. ಅಮ್ಮ, ಒಂದು ಹೇಳಿ. ಇವರ ಮೈಯಲ್ಲಿ ಸಾಬೂನಿನ ನೀರಲ್ಲಿ ಹೆಚ್ಚು ಹೊತ್ತು ಇರೋದು ಯಾವ ಭಾಗ?"

"ಕೈ. ಇನ್ಯಾವುದು?"

"ಕೈಗೆ ದದ್ದು ಬಂದಿದ್ಯಾ?"

ಪುಡಿಯಕ್ಕ ಕಿರಿಯವಳ ಕೈಗಳನ್ನು ನೋಡಿದಳು. ಕೈಗೆ ಬಂದಿರಲಿಲ್ಲ. ಒಂದು ದಿನವೂ. "ಒಗೆಯೋರ ಕೈ ಅಲ್ವಾ... ದಪ್ಪ ಇರತ್ತೆ ಅಂತ..." ಎಂದಳು. ಅವರೆಲ್ಲರೂ ಇಷ್ಟು ದಿನ ಹಾಗೆಯೇ ಅಂದುಕೊಂಡಿದ್ದರು.

"ಅಂಗೈ ದಪ್ಪ ಇರತ್ತೆ. ಕೈಯ ಹಿಂಭಾಗ ಇರಲ್ಲ. ಮುಖಕ್ಕೆ?"

"ಮುಖಕ್ಕೆ ಸ್ವಲ್ಪ ಕೆಂಪಾಗತ್ತೆ ಅಷ್ಟೆ," ಎಂದಳು ಕಿರಿಯವಳು. "ದದ್ದು ಬರೋದು ತೋಳು, ಕತ್ತು. ಆ ದಿನ ಮಾತ್ರ ಬೆನ್ನೆಲ್ಲಾ."

"ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಹೋಗತ್ತೆ?"

"ಮೇಲೆ ಹೋದ ಹತ್ತು ನಿಮಿಷಕ್ಕೆ. ಕೆಳಗೆ ಬಂದು ಒಂದು ಗಂಟೆಗೆಲ್ಲಾ ಇಲ್ಲ."

"ಮಳೆ ದಿನ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಡಾಕ್ಟರು ಅವತ್ತು ತೀರ್ಪು ಹೇಳಲಿಲ್ಲ. ಒಳಗಿನ ಬೇರೆ ಕಾಯಿಲೆ ಯಾವುದೂ ಇಲ್ಲವೆಂದು ಖಾತ್ರಿಯಾಗಲಿ ಎಂದು ರಕ್ತ ತೆಗೆಸಿದರು. ಆಸ್ಪತ್ರೆಯವರು ಕೊಟ್ಟ ಕಡಿತದ ಮಾತ್ರೆಯನ್ನು ನಾಲ್ಕು ದಿನ ಮೊದಲೇ ನಿಲ್ಲಿಸಿ, ಬಿಸಿಲಿಗೆ ಹೋಗದೆ ಐದನೆಯ ದಿನ ಬನ್ನಿ, ಮಾತ್ರೆ ಮೈಯಲ್ಲಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ ಎಂದರು. ಪುಡಿಯ ಡಬ್ಬಿಯನ್ನೂ ಮರೆಯದೆ ತರಬೇಕೆಂದರು.

ಆ ನಾಲ್ಕು ದಿನ ಲಾಂಡ್ರಿಯಲ್ಲಿ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಒಂದು ಸಲ ಮಾತ್ರ ಪುಡಿಯಕ್ಕನ ಗಂಡ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, "ಆ ಹುಡುಗಿ ಈ ಕಿಟಕಿ ಹತ್ರ ನಿಂತು ಇಸ್ತ್ರಿ ಮಾಡಿದ ದಿನ ಎಡತೋಳಿಗೆ ದದ್ದು ಬಂದಿತ್ತು. ಬಟ್ಟೆಗೆ ಹಾಕಿದ ಗಂಜಿಯಿಂದ ಇರ್ಬೇಕು ಅಂದ್ಕೊಂಡೆ," ಎಂದರು. ಅವರ ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಪರೀಕ್ಷೆಯ ಕೋಣೆಯಲ್ಲಿ ಪರದೆ ಎಳೆದಿದ್ದರು. ಕಿರಿಯವಳನ್ನು ಬೋರಲು ಮಲಗಿಸಿ, ಚೌಕಾಕಾರದ ಆರು ಚಿಕ್ಕ ಕಿಂಡಿಗಳಿದ್ದ ಕಪ್ಪು ಹಾಳೆಯನ್ನು ಬೆನ್ನಿಗೆ ಅಂಟಿಸಿದರು. ಒಂದೊಂದು ಕಿಂಡಿಗೆ ಒಂದೊಂದು ಬಗೆಯ ಬೆಳಕು, ಅಳೆದು ಅಳೆದು, ಇಷ್ಟು ನಿಮಿಷ ಎಂದು. ಕೊನೆಯದು ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರದಂಥ ಒಂದು ಬಿಳಿಯ ದೀಪ. ಇನ್ನೊಂದು ಕಡೆ, ಮುಂಗೈಯ ಒಳಭಾಗಕ್ಕೆ, ತೊಟ್ಟಿಯಲ್ಲಿ ಕಲಸುವಷ್ಟೇ ತೆಳ್ಳಗೆ ಕಲಸಿದ ಪುಡಿಯ ನೀರಿನಲ್ಲಿ ಅದ್ದಿದ ಹತ್ತಿಯನ್ನು ಇಟ್ಟು ಕಟ್ಟಿದರು. ತುರ್ತಿಗೆ ಬೇಕಾಗಬಹುದೆಂದು ಪಕ್ಕದ ತಟ್ಟೆಯಲ್ಲಿ ಚುಚ್ಚುಮದ್ದು ಸಿದ್ಧವಿತ್ತು. ಪುಡಿಯಕ್ಕ ಅದನ್ನೇ ನೋಡುತ್ತ ಕುರ್ಚಿಯ ತುದಿಯಲ್ಲಿ ಕೂತು ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದಳು.

"ಅಕ್ಕ, ಇದ್ದೀರಾ?" ಎಂದಳು ಕಿರಿಯವಳು, ಮುಖ ಕೆಳಗಿಟ್ಟುಕೊಂಡೇ.

"ಇಲ್ಲೇ ಇದ್ದೀನಿ ಕಣೇ. ಕಡಿತಿದ್ಯಾ?"

"ಬೆನ್ನು ಕಡಿತಿದೆ."

"ಕೈ?"

"ಕೈ ತಣ್ಣಗಿದೆ."

ಡಾಕ್ಟರು ಕಪ್ಪು ಹಾಳೆ ಎತ್ತಿದರು. ನಾಲ್ಕು ಕಿಂಡಿಗಳ ಜಾಗದಲ್ಲಿ ನಾಲ್ಕು ಚೌಕ ದದ್ದುಗಳು, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ, ಮೂಲೆಯೂ ತಪ್ಪದೆ ಎದ್ದು ನಿಂತಿದ್ದವು. ಉಳಿದೆರಡು ಜಾಗ ಖಾಲಿ. ಮುಂಗೈಯ ಹತ್ತಿ ತೆಗೆದರೆ ಚರ್ಮ ಒದ್ದೆಯಾಗಿತ್ತು, ಅಷ್ಟೇ.

"ನೋಡಿಮ್ಮಾ ನಿಮ್ಮ ಪುಡಿ," ಎಂದರು ಡಾಕ್ಟರು.

ಪುಡಿಯಕ್ಕ ಬಗ್ಗಿ ನೋಡಿದಳು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಮತ್ತೆ... ಬಿಸಿಲಾ?" ಎಂದಳು. ಅವಳ ದನಿಯಲ್ಲಿ ಮನೆಯವರೇ ಕದ್ದರೆಂದು ಕೇಳಿದವರ ಬೆರಗಿತ್ತು.

"ಬಿಸಿಲು. ಸರಿಯಾಗಿ ಹೇಳ್ಬೇಕು ಅಂದ್ರೆ ಬೆಳಕು. ಕೆಲವರ ಚರ್ಮಕ್ಕೆ ಬೆಳಕು ಬಿದ್ರೆ ಒಳಗೆ ಏನೋ ಒಂದು ಬದಲಾಗತ್ತೆ, ಮೈ ಅದನ್ನ ಹೊರಗಿನ ಶತ್ರು ಅಂದ್ಕೊಂಡು ಕಾದಾಡತ್ತೆ. ಅಪರೂಪದ ತೊಂದರೆ, ಸೋಲಾರ್ ಅರ್ಟಿಕೇರಿಯಾ ಅಂತಾರೆ. ಮುಖ, ಕೈ ದಿನಾ ಬೆಳಕು ಕಂಡು ಕಂಡು ಪಳಗಿರತ್ತೆ, ಅದಕ್ಕೇ ಅಲ್ಲಿ ಕಮ್ಮಿ. ಚಳಿಗಾಲ ಪೂರ್ತಿ ಮುಚ್ಕೊಂಡಿದ್ದ ತೋಳಿಗೆ ಜಾಸ್ತಿ."

"ಆದ್ರೆ ಆ ದಿನ ಜುಬ್ಬ ಹಾಕಿದ್ಲಲ್ಲ ಡಾಕ್ಟ್ರಮ್ಮ. ಮೈತುಂಬಾ ಬಟ್ಟೆ ಇತ್ತು."

"ಎಂಥ ಜುಬ್ಬ?"

ಪುಡಿಯಕ್ಕ ಹೇಳಿದಳು. ಎಷ್ಟು ತೆಳ್ಳಗಿತ್ತು, ಎಷ್ಟು ಬೆಳ್ಳಗಿತ್ತು, ಎಷ್ಟು ಸಲ ಜಾಲಿಸಿದ್ದಳು ಎಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು. ಬೆಳಕು ಆ ಜುಬ್ಬದೊಳಗೆ ಜರಡಿಯಲ್ಲಿ ನೀರು ಇಳಿದ ಹಾಗೆ ಇಳಿದಿತ್ತು. ಮೈಯೆಲ್ಲಕ್ಕೂ ಒಟ್ಟಿಗೆ ಬಿದ್ದದ್ದರಿಂದಲೇ ತಲೆ ಸುತ್ತಿ ಬಂದದ್ದು, ಅದೇ ಅಪಾಯ ಎಂದರು ಡಾಕ್ಟರು. ಆದರೆ ಯಾರನ್ನೂ ಬೈಯಲಿಲ್ಲ.

ಆಮೇಲೆ ಅವರು ಒಂದೊಂದಾಗಿ ಹೇಳಿದರು, ಪುಡಿಯಕ್ಕ ಚೀಟಿ ಹೊಲಿಯುವ ಬಟ್ಟೆತುಂಡಿನ ಮೇಲೆ ಬರೆದುಕೊಂಡಳು. ಕೈಗೆ ಸಿಕ್ಕಿದ್ದು ಅದೇ. ನಿದ್ದೆ ತರದ ಮಾತ್ರೆ ದಿನಾ ತಪ್ಪದೆ. ಸಾಲದಿದ್ದರೆ ಅವರೇ ಹೆಚ್ಚಿಸುತ್ತಾರೆ, ತಾವಾಗಿ ನುಂಗುವಂತಿಲ್ಲ. ಗಟ್ಟಿ ನೇಯ್ಗೆಯ ಗಾಢ ಬಣ್ಣದ ಬಟ್ಟೆ. ಮುಖಕ್ಕೆ, ಕೈಗೆ ಬಣ್ಣ ಬೆರೆತ ಲೇಪ, ಬಣ್ಣವಿಲ್ಲದ್ದು ಇವಳಿಗೆ ಆಗದ ಬೆಳಕನ್ನು ತಡೆಯುವುದಿಲ್ಲ. ಉಸಿರು ಕಟ್ಟಿದರೆ, ತಲೆ ಸುತ್ತಿದರೆ ನೆರಳಿಗೆ ಬಂದು ಮಲಗುವುದು, ಆಸ್ಪತ್ರೆಗೆ ಓಡುವುದು. ವಾರಕ್ಕೆ ಎರಡು ಸಲ ಇಲ್ಲಿಗೆ ಬಂದರೆ ಚೂರುಚೂರೇ ಬೆಳಕು ಕೊಟ್ಟು ಚರ್ಮವನ್ನು ಪಳಗಿಸಲು ನೋಡಬಹುದು. ಪಳಗಿದರೂ ಬಿಟ್ಟರೆ ಮತ್ತೆ ಮರೆಯುತ್ತದೆ. ಇದ್ಯಾವುದಕ್ಕೂ ಬಗ್ಗದಿದ್ದರೆ ಬೇರೆ ಚುಚ್ಚುಮದ್ದು ಇದೆ, ಆಗ ನೋಡೋಣ.

"ವಾಸಿ ಆಗತ್ತಾ?" ಎಂದಳು ಕಿರಿಯವಳು.

"ಕೆಲವರಿಗೆ ವರ್ಷಗಟ್ಟಲೆ ಇರತ್ತೆ, ಕೆಲವರಿಗೆ ತಾನಾಗೇ ಹೋಗತ್ತೆ. ನಾನು ಮಾತು ಕೊಡಲ್ಲ. ಆದ್ರೆ ಇದ್ರ ಜೊತೆ ಬದುಕೋಕೆ ಬರತ್ತೆ."

"ಅಂಗಡಿ ಒಳಗೆ ಕೂತ್ರೆ?"

"ಎದುರಿಗೆ ಗಾಜಿದ್ಯಾ?"

"ಇಡೀ ಗೋಡೆ ಗಾಜೇ."

"ಗಾಜು ನಿಮಗೆ ಆಗದ ಬೆಳಕನ್ನ ತಡೆಯಲ್ಲ. ಅಲ್ಲಿ ಕೂತ್ರೂ ಇದೇ ಕಥೆ."

ಹಾಗಾದರೆ ಆ ಅಂಗಡಿಗೆ ಹೋಗಬೇಡ ಎಂದು ಪುಡಿಯಕ್ಕ ಅಲ್ಲಿ ಹೇಳಬಹುದಿತ್ತು. ಬಟ್ಟೆತುಂಡಿನ ಮೇಲೆ ಗಾಜು ಎಂದಷ್ಟೇ ಬರೆದುಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿರಿಯವಳು ಬಿಸಿಲಿಲ್ಲದ ಬದಿಯ ಸೀಟು ಹುಡುಕಿದಳು, ಪುಡಿಯಕ್ಕ ಕಿಟಕಿಗೆ ಅಡ್ಡವಾಗಿ ಕೂತಳು. ಎರಡು ನಿಲ್ದಾಣ ಕಳೆಯಿತು.

"ಪುಡಿ ಅಲ್ಲ ಅಂತಾಯ್ತು," ಎಂದಳು ಕಿರಿಯವಳು.

"ಹೂಂ."

"ಆದ್ರೆ ನಾನು ಕೇಳ್ದಾಗ ಇಲ್ಲ ಅಂದ್ರಲ್ಲ ಅಕ್ಕ. ಪುಡಿನೇ ಆಗಿದ್ದಿದ್ರೆ? ನಾನು ಸತ್ತೇಹೋಗಿದ್ರೂ ಇಲ್ಲ ಅಂತಿದ್ರಾ?"

ಪುಡಿಯಕ್ಕನಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಐದು ದಿನದಿಂದ ಅದಕ್ಕೆ ಉತ್ತರ ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದಿತ್ತು. ಈಗ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು. "ಹೊಗಳಿಸಿಕೊಂಡಿದ್ದೆ ಕಣೇ. ಚಾದರ ಬೆಳ್ಳಗಾಗಿದ್ದು ಆ ಚೀಲದಿಂದ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು. ಆಮೇಲೆ ಹೆದರಿಕೆ. ಒಂದು ಸಲ ಇಲ್ಲ ಅಂದ್ಮೇಲೆ ಹೌದು ಅನ್ನೋದು ಎಷ್ಟು ಕಷ್ಟ ನೋಡು. ತಪ್ಪಾಯ್ತು."

ಕಿರಿಯವಳು ತನ್ನ ಮುಂಗೈಯನ್ನು, ಹತ್ತಿ ಇಟ್ಟಿದ್ದ ಜಾಗವನ್ನು, ಸುಮ್ಮನೆ ಉಜ್ಜಿಕೊಂಡಳು. "ನಾನೂ ಹೆರಿಗೆ ಆಸ್ಪತ್ರೆ ನರ್ಸಮ್ಮಂಗೆ ನಿಮ್ಮ ಪುಡಿ ಸರಿ ಇಲ್ಲ ಅಂತ ಹೇಳ್ಬಿಟ್ಟಿದ್ದೀನಿ."

"ಏನಂದೆ?!"

"ಹೇಳ್ಬಿಟ್ಟೆ. ಸಿಟ್ಟಲ್ಲಿ."

ಪುಡಿಯಕ್ಕ ಇಡೀ ಬಸ್ಸಿಗೆ ಕೇಳುವಂತೆ ಹಣೆ ಬಡಿದುಕೊಂಡಳು. ಕಂಡಕ್ಟರು ತಿರುಗಿ ನೋಡಿದ. ಕಿರಿಯವಳಿಗೆ ನಗು ಬಂತು, ತಡೆದುಕೊಳ್ಳಲು ಹೋಗಿ ಕೆಮ್ಮಿದಳು. ಆದರೂ ಚಪ್ಪಲಿ ಅಂಗಡಿಯ ವಿಷಯ ಇಬ್ಬರೂ ಎತ್ತಲಿಲ್ಲ. ಒಂದನೆಯ ತಾರೀಕಿಗೆ ಇನ್ನು ಹತ್ತು ದಿನವಿತ್ತು.

ಟೈಲರು ಅಂಗಿಯ ಕೆಲಸವನ್ನು ತನ್ನ ಮೈಮೇಲೆ ಹಾಕಿಕೊಂಡ. ಪುಡಿಯ ಮಾತು ಮೊದಲು ಎತ್ತಿದವನು ತಾನೇ ಎಂಬುದು ಅವನಿಗೆ ನೆನಪಿತ್ತು. ಗಡುಸಾದ ಗಾಢ ನೀಲಿ ಬಟ್ಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, ಚುಕ್ಕಿಯಷ್ಟೂ ಬೆಳಕು ತೂರದ ಒಂದನ್ನು ಆರಿಸಿದ. ಎತ್ತರದ ಕಾಲರು, ಉದ್ದ ತೋಳು, ಕತ್ತಿನ ಹಿಂದೆ ಇಳಿಬಿದ್ದ ಅಂಚಿನ ಟೋಪಿ.

"ಹಾಕ್ಕೊಂಡ್ರೆ ಜೇನು ಕೀಳೋರ ಹಾಗೆ ಕಾಣ್ತೀಯ," ಎಂದ ಮೈದುನ.

"ನೀವು ನಾಳೆಯಿಂದ ಮೇಲೆ ಹೋಗಿ ಬಟ್ಟೆ ಹಾಕಿ, ಹೇಗೆ ಕಾಣ್ತೀರ ನಾನೂ ನೋಡ್ತೀನಿ," ಎಂದಳು ಕಿರಿಯವಳು.

ಅದು ಹಾಗೆಯೇ ಆಯಿತು. ಹತ್ತರಿಂದ ಮೂರರವರೆಗೆ ತಾರಸಿ ಮೈದುನನದು, ವ್ಯಾನಿನ ಸುತ್ತು ಬೆಳಿಗ್ಗೆ ಬೇಗ ಮತ್ತು ಸಂಜೆ ಎಂದು ಪುಡಿಯಕ್ಕ ನಿರ್ಧರಿಸಿದಳು. ಆತ ಅಣ್ಣನ ಮುಖ ನೋಡಿದ. ಅಣ್ಣ ಇಸ್ತ್ರಿಪೆಟ್ಟಿಗೆಗೆ ನೀರು ಹಾಕುತ್ತಿದ್ದರು.

ಮೊದಲ ದಿನ ಪುಡಿಯಕ್ಕ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುತ್ತ, ಮೂವತ್ತೆರಡೂ ಹತ್ತಿ ಮೇಲಿನ ಬಾಗಿಲ ಒಳಗೆ ಒಂದು ಮಣೆ ಹಾಕಿಕೊಂಡು ಕೂತಳು. ಪಕ್ಕದಲ್ಲಿ ನೆರಳಿಗೆ ಕಿರಿಯವಳು, ನೀಲಿ ಅಂಗಿಯಲ್ಲಿ. ಹೊರಗೆ ಮೈದುನ ಚಾದರದ ಜೊತೆ ಗುದ್ದಾಡುತ್ತಿದ್ದ.

"ಮೂಲೆ ಹಿಡ್ಕೊಳ್ಳಿ! ನಡು ಅಲ್ಲ, ಮೂಲೆ!"

"ಮೂಲೆನೇ ಹಿಡ್ಕೊಂಡಿದ್ದೀನಿ ಕಣೇ!"

"ಅದು ಒಂದು ಮೂಲೆ. ಚಾದರಕ್ಕೆ ನಾಲ್ಕಿರತ್ತೆ ಮಾರಾಯ," ಎಂದಳು ಪುಡಿಯಕ್ಕ. "ಮೊದ್ಲು ಒದರು ಅದನ್ನ! ಒದರದೆ ಹಾಕಿದ್ರೆ ಸುಕ್ಕು ಯಾರು ತೆಗೀತಾರೆ?"

"ಅತ್ತಿಗೆ, ಇಬ್ಬರೂ ಒಟ್ಟಿಗೆ ಕೂಗ್ಬೇಡಿ, ಒಬ್ಬೊಬ್ಬರಾಗಿ ಬೈರಿ!"

ಮೂರನೆಯ ತಂತಿಯ ಚಾದರ ಜಾರಿ ನೆಲಕ್ಕೆ ಬಿತ್ತು. ಕಿರಿಯವಳಿಗೆ ಇನ್ನು ನೋಡಲಾಗಲಿಲ್ಲ. ಟೋಪಿ ಎಳೆದುಕೊಂಡು, ಕೈಗವಸು ತೊಟ್ಟು, "ಎಷ್ಟು ಹೊತ್ತು ಅಂದಿದ್ರು ಡಾಕ್ಟ್ರಮ್ಮ?" ಎಂದಳು.

"ಈ ವಾರ ಅಂಗಿ ಹಾಕ್ಕೊಂಡು ಹತ್ತೇ ನಿಮಿಷ. ಬೇಡ ಬಿಡೇ."

"ಗಡಿಯಾರ ನೋಡ್ಕೊಳ್ಳಿ ಅಕ್ಕ."

ಹೊರಗೆ ಹೋದಳು. ಬಿಸಿಲಿನ ಕಡೆಯ ತಂತಿಗೆ ಮೊದಲ ಸಾಲನ್ನು ಗಂಡನ ಕೈಯಲ್ಲಿ ಹಾಕಿಸಿ, ಒದ್ದೆ ಚಾದರಗಳ ಆ ನೆರಳಿನಲ್ಲಿ ನಿಂತು ಮುಂದಿನ ಸಾಲುಗಳನ್ನು ತಾನು ಹಾಕತೊಡಗಿದಳು. ಒದರುವ ಸದ್ದು ಪಟ್ ಪಟ್ ಎಂದು ಕೇಳಿಸಿತು. ಪುಡಿಯಕ್ಕ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಏಳು ನಿಮಿಷಕ್ಕೆ ಮಣೆಯ ತುದಿಗೆ ಸರಿದಳು. ಒಂಬತ್ತಕ್ಕೆ ಎದ್ದು ನಿಂತಳು, ಮೊಣಕಾಲು ಕಟಕ್ಕೆಂದಿತು.

"ಆಯ್ತು, ಬಾ ಒಳಗೆ!"

"ಇನ್ನೆರಡೇ ಚಾದರ!"

"ಚಾದರ ಓಡಿಹೋಗಲ್ಲ, ನೀನು ಬಾ!"

ಕಿರಿಯವಳು ಬಂದು ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದಳು. ಪುಡಿಯಕ್ಕ ಅವಳ ಕಾಲರು ಬಿಚ್ಚಿ ಕತ್ತು ನೋಡಿದಳು, ಬೆನ್ನು ನೋಡಿದಳು, ತೋಳು ಮೇಲೆತ್ತಿ ನೋಡಿದಳು. ಏನೂ ಇರಲಿಲ್ಲ. ಎಡ ಮಣಿಕಟ್ಟಿನಲ್ಲಿ ಮಾತ್ರ, ಕೈ ಎತ್ತಿದಾಗ ಗವಸಿಗೂ ತೋಳಿಗೂ ನಡುವೆ ಬಿಟ್ಟ ಜಾಗದಲ್ಲಿ, ಹೆಬ್ಬೆರಳಗಲದ ಒಂದು ದದ್ದು ಬಳೆಯ ಹಾಗೆ ಎದ್ದಿತ್ತು.

"ಕಡಿತಿದ್ಯಾ?"

"ಚೂರು. ತಡ್ಕೋಬಹುದು."

ಪುಡಿಯಕ್ಕ ಒದ್ದೆ ಬಟ್ಟೆಯನ್ನು ಅಲ್ಲಿಗೆ ಒತ್ತಿ ಹಿಡಿದಳು. ಕೇಳಬೇಕೋ ಬೇಡವೋ ಎಂದು ಒಂ‌ಬತ್ತು ದಿನದಿಂದ ಹೊತ್ತುಕೊಂಡಿದ್ದ ಮಾತು ಆಗ ಹೊರಗೆ ಬಂತು. "ಚಪ್ಪಲಿ ಅಂಗಡಿಯವ್ರಿಗೆ ಏನಂದೆ? ನಾಳೆ ಒಂದನೇ ತಾರೀಕು."

"ಮೊನ್ನೇನೇ ಹೇಳ್ದೆ. ಬರಲ್ಲ ಅಂತ."

"ಗಾಜು ಇದೆ ಅಂತನಾ?"

"ಗಾಜಿಗೆ ಪರದೆ ಹಾಕಿಸ್ತೀವಿ ಬಾ ಅಂದ್ರು," ಎಂದಳು ಕಿರಿಯವಳು. ಹೊರಗೆ ಗಂಡ ಹಾಕಿದ ಚಾದರವನ್ನು ಬಾಗಿಲಿನಿಂದಲೇ ನೋಡಿ ಹಣೆ ಗಂಟಿಕ್ಕಿದಳು. "ಆದ್ರೂ ಬರಲ್ಲ ಅಂದೆ. ಅಕ್ಕ, ಒಂದು ಮಾತು. ಇನ್ಮೇಲೆ ಡ್ರಮ್ಮಿಗೆ ಏನೇ ಹಾಕಿದ್ರೂ ನನಗೆ ಹೇಳಿ ಹಾಕ್ಬೇಕು."

"ಹೇಳ್ತೀನಿ."

"ಕೇಳ್ದಾಗ ಅಲ್ಲ. ಕೇಳೋಕ್ ಮುಂಚೆ."

"ಹೇಳ್ತೀನಿ ಅಂದ್ನಲ್ಲೇ." ಪುಡಿಯಕ್ಕ ಬಟ್ಟೆ ಎತ್ತಿ ಮಣಿಕಟ್ಟನ್ನು ಮತ್ತೆ ನೋಡಿದಳು. ದದ್ದು ಇನ್ನೂ ಅಲ್ಲೇ ಇತ್ತು, ಅಂಚು ಮಾತ್ರ ಸ್ವಲ್ಪ ತಗ್ಗಿತ್ತು. "ಕೆಳಗೆ ಹೋದ ತಕ್ಷಣ ಟೈಲರಿಗೆ ಹೇಳ್ಬೇಕು. ಅಂಗಿ ತೋಳು ಇನ್ನೆರಡು ಬೆರಳು ಉದ್ದ ಬೇಕು."